ಪಾಸ್ ಆದ ಎಣ್ಣೆ, ಸುಟ್ಟ ವೈಂಡಿಂಗ್: ಕರೋಸಿವ್ ಸಲ್ಫರ್ ಪರೀಕ್ಷೆಯ ಒಂದು ಪ್ರಕರಣ

ಒಂದೇ ಅಂಗಳದಲ್ಲಿದ್ದ, ಒಂದೇ ವರ್ಷ ತಯಾರಾದ ಎರಡು ಟ್ರಾನ್ಸ್‌ಫಾರ್ಮರ್‌ಗಳ ಪ್ರಕರಣ ಇದು. ಅವುಗಳ ಎಣ್ಣೆಯಲ್ಲಿ ಕರೋಸಿವ್ ಸಲ್ಫರ್, ಅಂದರೆ ತಾಮ್ರವನ್ನು ತಿನ್ನುವ ಗಂಧಕ, ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಒಂದು ಸುಟ್ಟುಹೋಯಿತು. ಇನ್ನೊಂದನ್ನು ಉಳಿಸಿಕೊಳ್ಳಲು ಯಾವ ಪರೀಕ್ಷೆ ಮಾಡಿದೆವು, ಯಾವ ಫಲಿತಾಂಶವನ್ನು ನಂಬಿದೆವು, ಯಾವುದನ್ನು ನಂಬಲಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಕಾರ್ಖಾನೆ, ತಯಾರಕರು, ಪ್ರಯೋಗಾಲಯಗಳ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ನಾನು ಎಣ್ಣೆ ಪರೀಕ್ಷೆಯ ಕೆಲಸದಲ್ಲಿರುವವನು. ಹಾಗಾಗಿ ಬರಹದ ಒಲವು ಪರೀಕ್ಷೆಯ ಕಡೆಗೇ ಇರುತ್ತದೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತಯಾರಿಸಿ ಗ್ರಿಡ್‌ಗೆ ಮಾರುವ ಕೋಜನ್ ಘಟಕವೂ ಅಲ್ಲೇ ಇದೆ. ಎರಡು ಟರ್ಬೈನ್, ಎರಡಕ್ಕೂ ಒಂದೊಂದು 11/110 ಕೆವಿ ಟ್ರಾನ್ಸ್‌ಫಾರ್ಮರ್. ಎರಡೂ 2003ರ ತಯಾರಿ. ಒಳಗಿದ್ದದ್ದು ಇನ್ಹಿಬಿಟರ್ (ಎಣ್ಣೆ ಬೇಗ ಕೆಡದಂತೆ ತಡೆಯುವ ರಾಸಾಯನಿಕ) ಬೆರೆಸಿದ ಮಿನರಲ್ ಎಣ್ಣೆ, ಎರಡಕ್ಕೂ ಒಂದೇ ಲಾಟ್‌ನದು. ಕನ್ಸರ್ವೇಟರ್, ಅಂದರೆ ಮೇಲಿರುವ ಎಣ್ಣೆಯ ಪುಟ್ಟ ಟ್ಯಾಂಕ್, ಅದರ ಒಳಗೆ ರಬ್ಬರ್ ಚೀಲ ಇದ್ದದ್ದರಿಂದ ಎಣ್ಣೆಗೆ ಹೊರಗಿನ ಗಾಳಿ ನೇರವಾಗಿ ತಾಗುತ್ತಿರಲಿಲ್ಲ.

ನುರಿಸುವ ಹಂಗಾಮಿನಲ್ಲಿ ಇವು ಹಗಲು ರಾತ್ರಿ ಹೆಚ್ಚುಕಡಿಮೆ ಪೂರ್ತಿ ಲೋಡ್‌ನಲ್ಲಿ ಓಡುತ್ತವೆ. ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬಿಡುವು. ಎಣ್ಣೆಯ ತಪಾಸಣೆ ಪ್ರತಿ ವರ್ಷ ತಪ್ಪದೆ ನಡೆಯುತ್ತಿತ್ತು. ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಅಳತೆ), ನೀರಿನ ಅಂಶ, ಆಮ್ಲೀಯತೆ, ಟ್ಯಾನ್ ಡೆಲ್ಟಾ (ಎಣ್ಣೆಯಲ್ಲಿ ನಷ್ಟವಾಗುವ ವಿದ್ಯುತ್ತಿನ ಅಳತೆ), ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಅಳೆಯುವ ಡಿಜಿಎ, ಎಲ್ಲವೂ ಚೆನ್ನಾಗಿಯೇ ಬರುತ್ತಿದ್ದವು. ಅಲ್ಲಿನ ಎಲೆಕ್ಟ್ರಿಕಲ್ ವಿಭಾಗದವರು ಸೋಮಾರಿಗಳಲ್ಲ, ಫೈಲ್ ನೋಡಿದರೆ ಗೊತ್ತಾಗುತ್ತದೆ.

ಹಂಗಾಮಿನ ನಡುವೆ ಮೊದಲನೇ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಯಿತು. ಒಳಗಿನ ದೋಷ ಹಿಡಿದು ಯಂತ್ರವನ್ನು ನಿಲ್ಲಿಸುವ ಡಿಫರೆನ್ಷಿಯಲ್ ರಿಲೇ, ಬುಕೋಲ್ಜ್ ರಿಲೇ ಎರಡೂ ಕೆಲಸ ಮಾಡಿದ್ದವು. ತೆರೆದು ನೋಡಿದಾಗ ಹೈ ವೋಲ್ಟೇಜ್ ವೈಂಡಿಂಗ್‌ನ, ಅಂದರೆ ಕಾಗದ ಸುತ್ತಿದ ತಾಮ್ರದ ಸುರುಳಿಯ, ಮೇಲ್ಭಾಗದ ಡಿಸ್ಕ್‌ಗಳಲ್ಲಿ ಸುತ್ತು ಸುತ್ತಿನ ನಡುವೆ ಶಾರ್ಟ್ ಆಗಿತ್ತು. ಸುಟ್ಟ ಜಾಗ ಕಪ್ಪಾಗಿರುವುದು ಸಹಜ. ಆದರೆ ಸುಡದೇ ಇದ್ದ ಪಕ್ಕದ ಸುತ್ತುಗಳ ಕಾಗದ ಬಿಚ್ಚಿದಾಗ, ತಾಮ್ರಕ್ಕೆ ಅಂಟಿಕೊಂಡ ಒಳಪದರದಲ್ಲಿ ಬೂದು-ಕಪ್ಪು ಬಣ್ಣದ ಹೊಳೆಯುವ ಲೇಪ ಕಂಡಿತು. ಹೊರಪದರ ಮಾಮೂಲಿ ಕಂದು ಬಣ್ಣದಲ್ಲೇ ಇತ್ತು.

ಎಲೆಕ್ಟ್ರಿಕಲ್ ಮ್ಯಾನೇಜರ್ ಫೋನಿನಲ್ಲಿ ಕೇಳಿದ್ದು ಇಷ್ಟು: "ಬಿಡಿವಿ ಛಲೋ ಐತ್ರಿ, ಡಿಜಿಎನೂ ಛಲೋ ಐತ್ರಿ. ಮತ್ತ್ಯಾಕ ಹೋತ್ರಿ ಸರ್ ಇದು? ಇನ್ನೊಂದು ಓಡಿಸ್ಲೋ ಬ್ಯಾಡೋ?"

ಎರಡನೇ ಪ್ರಶ್ನೆಗೆ ಉತ್ತರ ತುರ್ತಾಗಿ ಬೇಕಿತ್ತು. ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು.

ಫೈಲಿನಲ್ಲಿದ್ದ ಆ ಒಂದು ಸಾಲು

ಹೊಳೆಯುವ ಬೂದು ಲೇಪ ಅಂದರೆ ಕಾಪರ್ ಸಲ್ಫೈಡ್ ಇರಬಹುದು ಎಂಬ ಅನುಮಾನ ಬರಲೇಬೇಕು. ಎಣ್ಣೆಯಲ್ಲಿರುವ ಕೆಲವು ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ತಾಮ್ರದ ಜೊತೆ ಕೂಡಿ ಇದನ್ನು ಮಾಡುತ್ತವೆ. ಇದು ತಾಮ್ರದ ಮೇಲೆ ಮಾತ್ರ ಕೂತರೆ ಅಷ್ಟು ಭಯವಿಲ್ಲ. ಕಾಗದದ ಮೇಲೆ ಕೂತರೆ ಕಷ್ಟ. ಕಾಪರ್ ಸಲ್ಫೈಡ್ ಅರೆವಾಹಕ. ಅದು ನೆನೆದ ಕಾಗದಕ್ಕೆ ಎರಡು ಸುತ್ತುಗಳ ನಡುವಿನ ವೋಲ್ಟೇಜ್ ತಡೆಯುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಒಂದು ಸಿಡಿಲೋ, ಒಂದು ಸ್ವಿಚಿಂಗ್ ಸರ್ಜೋ ಸಾಕು. ಈ ಲೇಪ ಬೆಳೆಯುವಾಗ ಅನಿಲ ಅಷ್ಟಾಗಿ ಹುಟ್ಟುವುದಿಲ್ಲ. ಹಾಗಾಗಿ ಡಿಜಿಎ ಕೊನೆಯವರೆಗೂ ಸುಮ್ಮನಿರುತ್ತದೆ.

ಫೈಲ್ ಕೆದಕಿದಾಗ ಕರೋಸಿವ್ ಸಲ್ಫರ್ ಪರೀಕ್ಷೆ ಮಾಡಿಸಿದ್ದ ದಾಖಲೆಯೂ ಸಿಕ್ಕಿತು. ಎಣ್ಣೆ ತುಂಬುವಾಗ ಒಮ್ಮೆ, ನಂತರವೂ ಒಮ್ಮೆ. ಎರಡರಲ್ಲೂ ಒಂದೇ ಸಾಲು: "ನಾನ್ ಕರೋಸಿವ್". ಮ್ಯಾನೇಜರ್ ಅದನ್ನೇ ತೋರಿಸಿ, ಹಾಗಾದರೆ ಗಂಧಕದ ಮಾತು ಬಿಡಬಹುದಲ್ವಾ ಅಂದರು.

ಪ್ರಕರಣದ ಮೊದಲ ತಿರುವು ಇಲ್ಲಿದೆ. ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಪರೀಕ್ಷೆಯ ವಿಧಾನ ಇತ್ತು: 140 ಡಿಗ್ರಿ ಸೆಲ್ಸಿಯಸ್, 19 ಗಂಟೆ. ಅದು ಹಳೆಯ ಕಾಪರ್ ಸ್ಟ್ರಿಪ್ ಪರೀಕ್ಷೆ. ಅಮೆರಿಕದ ಮಾನಕ ಎಎಸ್‌ಟಿಎಂ ಡಿ 1275ರ ಎ ವಿಧಾನವೂ ಅದೇ ಆಗಿತ್ತು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ನಮ್ಮ ಭಾರತೀಯ ಮಾನಕ ಐಎಸ್ 335ರ ಹಳೆಯ ಆವೃತ್ತಿಯಲ್ಲಿ ಇದ್ದದ್ದೂ ಅದೇ. ಈ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಇದೇ ವಿಧಾನದಲ್ಲಿ ಪಾಸ್ ಆದ ಎಣ್ಣೆ ತುಂಬಿದ ಗ್ರಿಡ್‌ನ ದೊಡ್ಡ ರಿಯಾಕ್ಟರ್‌ಗಳು (ಟ್ರಾನ್ಸ್‌ಫಾರ್ಮರ್‌ನಂಥದ್ದೇ ಸುರುಳಿಯ ಯಂತ್ರಗಳು), ಟ್ರಾನ್ಸ್‌ಫಾರ್ಮರ್‌ಗಳು 2000ರ ದಶಕದ ಮಧ್ಯದಲ್ಲಿ ಬ್ರೆಜಿಲ್‌ನಲ್ಲಿ, ಬೇರೆ ದೇಶಗಳಲ್ಲೂ ಹೀಗೇ ಕೈಕೊಟ್ಟಿದ್ದವು. ಅಲ್ಲಿನ ಎಣ್ಣೆಯಲ್ಲಿ ಸಿಕ್ಕಿದ ಮುಖ್ಯ ಆರೋಪಿ ಡೈಬೆಂಜೈಲ್ ಡೈಸಲ್ಫೈಡ್, ಚುಟುಕಾಗಿ ಡಿಬಿಡಿಎಸ್. ಎಣ್ಣೆ ಬೇಗ ಕೆಡದಂತೆ ತಡೆಯುವ ಗುಣವೂ ಅದಕ್ಕಿದೆ. ಅದೇ ಬಿಸಿಯಲ್ಲಿ ತಾಮ್ರವನ್ನೂ ತಿನ್ನುತ್ತದೆ. 19 ಗಂಟೆಯ ಪರೀಕ್ಷೆ ಅದನ್ನು ಹಿಡಿಯುವಷ್ಟು ಕಠಿಣವಾಗಿರಲಿಲ್ಲ. ಆಮೇಲೆ 150 ಡಿಗ್ರಿ, 48 ಗಂಟೆಯ ಬಿ ವಿಧಾನ ಬಂತು. 2008ರಲ್ಲಿ ಐಇಸಿ 62535 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. 2009ರಲ್ಲಿ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಸಿಗ್ರೆ ಈ ಬಗ್ಗೆ ಒಂದು ಪೂರ್ತಿ ವರದಿಯನ್ನೇ ಹೊರತಂದಿತು.

ನಮ್ಮ ಕಾರ್ಖಾನೆಯ ವರದಿ ಸುಳ್ಳಾಗಿರಲಿಲ್ಲ. ಅದು ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ.

ಮಾದರಿ, ಪಟ್ಟಿ, ಕಾಗದ

ಓಡುತ್ತಿದ್ದ ಎರಡನೇ ಟ್ರಾನ್ಸ್‌ಫಾರ್ಮರ್‌ನಿಂದ ಎಣ್ಣೆಯ ಮಾದರಿ ಬಂತು. 48 ಗಂಟೆಯ ಪರೀಕ್ಷೆಯಲ್ಲಿ ತಾಮ್ರದ ಪಟ್ಟಿ ಕಪ್ಪಾಗಿ ಹೊರಬಂತು. ಅನುಮಾನ ನಿಜವಾಯಿತು ಅನ್ನಿಸುವ ಹೊತ್ತು. ಆದರೆ ಆ ಫಲಿತಾಂಶವನ್ನು ನಾವು ವರದಿಗೆ ಹಾಕಲಿಲ್ಲ.

ಕಾರಣ, ಮಾದರಿ ತೆಗೆದ ಬಗೆ. ವಿಚಾರಿಸಿದಾಗ ಡ್ರೈನ್ ವಾಲ್ವ್‌ಗೆ ಕಪ್ಪು ರಬ್ಬರ್ ಪೈಪ್ ಸಿಕ್ಕಿಸಿ ಕ್ಯಾನ್‌ಗೆ ಬಿಟ್ಟಿದ್ದರು ಅಂತ ಗೊತ್ತಾಯಿತು. ಇಂಥ ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಹಾಕಿ. ಬಿಸಿ ಎಣ್ಣೆ ಅದರೊಳಗೆ ಹರಿದರೆ ಒಂದಿಷ್ಟು ಗಂಧಕ ಎಣ್ಣೆಗೆ ಇಳಿಯಬಹುದು. ಬಿಡಿವಿ ಪರೀಕ್ಷೆಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಕರೋಸಿವ್ ಸಲ್ಫರ್ ಪರೀಕ್ಷೆಗೆ ಇದು ವಿಷ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ನಿಲ್ಲಿಸಬೇಕೋ ಬೇಡವೋ ಅನ್ನುವ ತೀರ್ಮಾನ ಒಂದು ಪೈಪಿನ ತುಂಡಿನ ಮೇಲೆ ನಿಲ್ಲಬಾರದು.

ಎರಡನೇ ಸಲ ನಮ್ಮ ಹುಡುಗರೇ ಹೋದರು. ವಾಲ್ವ್ ಬಾಯಿ ಒರೆಸಿ, ಒಳಗೆ ನಿಂತಿದ್ದ ಎಣ್ಣೆಯನ್ನು ಚೆನ್ನಾಗಿ ಹರಿಯಬಿಟ್ಟು, ಟೆಫ್ಲಾನ್ ಕೊಳವೆಯಲ್ಲಿ ಕಂದು ಗಾಜಿನ ಬಾಟಲಿಗೆ ತುಂಬಿ ತಂದರು. ಸುಟ್ಟ ಟ್ರಾನ್ಸ್‌ಫಾರ್ಮರ್‌ನ ಎಣ್ಣೆಯನ್ನೂ ಅದೇ ರೀತಿ ತೆಗೆದರು.

ಈಗ ಪರೀಕ್ಷೆಯ ಕೆಲಸ. ತಾಮ್ರದ ಪಟ್ಟಿ ಚಿಕ್ಕದು, 6 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಉದ್ದ. ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ಕಾರ್ಬೊರಂಡಮ್ ಪುಡಿಯಲ್ಲಿ ಹೊಳಪು ಕೊಟ್ಟು, ಅಸಿಟೋನ್‌ನಲ್ಲಿ ತೊಳೆದು, ತಡ ಮಾಡದೆ ಎಣ್ಣೆಗೆ ಇಳಿಸಬೇಕು. ಬೆರಳು ತಾಗಬಾರದು, ಚಿಮುಟವೇ ಆಗಬೇಕು. ಬೆವರಿನ ಒಂದು ಗುರುತು ಸಾಕು, ಪಟ್ಟಿಯ ಬಣ್ಣ ಓದುವಾಗ ದಾರಿ ತಪ್ಪಿಸುತ್ತದೆ. ಪಟ್ಟಿಯನ್ನು ಮಧ್ಯದಲ್ಲಿ ಬಗ್ಗಿಸಿ ಅಂಚಿನ ಮೇಲೆ ನಿಲ್ಲಿಸುತ್ತೇವೆ, ಅಗಲದ ಮೈ ಗಾಜಿನ ತಳಕ್ಕೆ ಅಂಟಬಾರದು ಅಂತ. ಫ್ಲಾಸ್ಕ್‌ನಲ್ಲಿ 220 ಎಂಎಲ್ ಎಣ್ಣೆ. ಅದರೊಳಗೆ ನೈಟ್ರೋಜನ್ ಬಿಟ್ಟು ಗಾಳಿಯನ್ನು ಹೊರಹಾಕಿ ಮುಚ್ಚಿ ಓವನ್‌ಗೆ ಇಡುತ್ತೇವೆ.

ಹೊರಬಂದ ಪಟ್ಟಿಯನ್ನು ಎಎಸ್‌ಟಿಎಂ ಡಿ 130ರ ಬಣ್ಣದ ಫಲಕದ ಜೊತೆ ಹೋಲಿಸಬೇಕು. ಕಿತ್ತಳೆಯಿಂದ ನವಿಲು ಬಣ್ಣದವರೆಗೆ, ಅಂದರೆ 1ಎಯಿಂದ 3ಬಿವರೆಗೆ ಇದ್ದರೆ ನಾನ್ ಕರೋಸಿವ್. ಬೂದು, ಕಪ್ಪು ಕಾಣಿಸಿಕೊಂಡರೆ, ಅಂದರೆ 4ಎಯಿಂದ 4ಸಿ, ಕರೋಸಿವ್. 3ಬಿ ಮತ್ತು 4ಎ ನಡುವಿನ ಗೆರೆ ಕಣ್ಣಿಗೆ ಸೇರಿದ್ದು. ಅಲ್ಲಿ ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಒಂದು ಕೆಲಸವನ್ನು ಬೇಕಂತಲೇ ಮಾಡಿದೆವು. ಅದೇ ಬಾಟಲಿಯ ಎಣ್ಣೆಯನ್ನು ಹಳೆಯ ವಿಧಾನದಲ್ಲೂ, ಹೊಸ ವಿಧಾನದಲ್ಲೂ ಇಟ್ಟೆವು. 140 ಡಿಗ್ರಿ, 19 ಗಂಟೆಯ ಪಟ್ಟಿ ಹಿತ್ತಾಳೆಯ ಹೊಳಪಿನಲ್ಲಿ ಬಂತು, ಸಲೀಸಾಗಿ ಪಾಸ್. 150 ಡಿಗ್ರಿ, 48 ಗಂಟೆಯ ಪಟ್ಟಿ ಗಾಢ ಬೂದು, 4ಎ. ಎರಡು ಪಟ್ಟಿಗಳನ್ನು ಒಂದೇ ಬಿಳಿ ಕಾಗದದ ಮೇಲಿಟ್ಟು ಫೋಟೋ ಕಳಿಸಿದೆವು. ಕಾರ್ಖಾನೆಯ ಆಡಳಿತದವರಿಗೆ ಪುಟಗಟ್ಟಲೆ ವಿವರಣೆಗಿಂತ ಆ ಫೋಟೋ ಜಾಸ್ತಿ ಅರ್ಥವಾಯಿತು.

ಮೂರನೆಯದು ಐಇಸಿ 62535. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತಿ ಮುಖ್ಯವಾದದ್ದು ಇದೇ. ಇದರಲ್ಲಿ ಬರೀ ತಾಮ್ರ ಅಲ್ಲ, ಒಂದು ಪದರ ಕ್ರಾಫ್ಟ್ ಕಾಗದ ಸುತ್ತಿದ ತಾಮ್ರವನ್ನು ಪುಟ್ಟ ಸೀಸೆಯಲ್ಲಿ 15 ಎಂಎಲ್ ಎಣ್ಣೆಗೆ ಇಳಿಸಿ, 150 ಡಿಗ್ರಿಯಲ್ಲಿ 72 ಗಂಟೆ ಬಿಡುತ್ತಾರೆ. ಆಮೇಲೆ ಕಾಗದ ಬಿಚ್ಚಿ ತಾಮ್ರವನ್ನೂ ಕಾಗದವನ್ನೂ ನೋಡುತ್ತಾರೆ. ಟ್ರಾನ್ಸ್‌ಫಾರ್ಮರ್ ಸಾಯುವುದು ಕಾಗದದಲ್ಲಿ, ಆದ್ದರಿಂದ ಕಾಗದವನ್ನೇ ಕೇಳುವ ಪರೀಕ್ಷೆ ಹೆಚ್ಚು ಹತ್ತಿರದ್ದು. ನಮ್ಮ ಸೀಸೆಗಳಲ್ಲಿ ಕಾಗದದ ಒಳಮೈ ಮೇಲೆ ಲೋಹದ ಹೊಳಪಿನ ಕಲೆ ಬಂತು. ಹಳೆಯ ಎಣ್ಣೆಯ ಗಷ್ಟು ಕೂತು ಕಾಗದ ಕಪ್ಪಾಗುವುದೂ ಉಂಟು. ಹಾಗಾಗಿ ಕಲೆಯ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಳಿಸಿ ಅದರಲ್ಲಿ ಯಾವ ಧಾತು ಇದೆ ಎಂದು ನೋಡಿಸಿದೆವು. ತಾಮ್ರ ಮತ್ತು ಗಂಧಕ ಎರಡೂ ಇದ್ದವು. ಸುಟ್ಟ ವೈಂಡಿಂಗ್‌ನಿಂದ ತಂದ ಕಾಗದದಲ್ಲೂ ಅದೇ.

ಕಡಿಮೆ ಇದ್ದರೆ ಒಳ್ಳೆಯದಾ?

ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಡಿಬಿಡಿಎಸ್ ಅಳೆದಾಗ ಒಂದು ವಿಚಿತ್ರ ಕಂಡಿತು. ಓಡುತ್ತಿದ್ದ ಟ್ರಾನ್ಸ್‌ಫಾರ್ಮರ್‌ನಲ್ಲಿ ಕೆಜಿಗೆ ಸುಮಾರು 130 ಮಿಲಿಗ್ರಾಂ. ಸುಟ್ಟದ್ದರಲ್ಲಿ ಸುಮಾರು 90. ಸುಟ್ಟದ್ದರಲ್ಲೇ ಕಡಿಮೆ ಇದೆಯಲ್ಲ, ಹಾಗಾದರೆ ಕಾರಣ ಇದಲ್ಲವೇನೋ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ.

ಎರಡಕ್ಕೂ ತುಂಬಿದ್ದು ಒಂದೇ ಎಣ್ಣೆ. ಶುರುವಿನಲ್ಲಿ ಎರಡರಲ್ಲೂ ಒಂದೇ ಪ್ರಮಾಣ ಇದ್ದಿರಬೇಕು. ಒಂದರಲ್ಲಿ ಕಡಿಮೆಯಾಗಿದೆ ಅಂದರೆ ಆ ಡಿಬಿಡಿಎಸ್ ಎಲ್ಲಿಗೆ ಹೋಯಿತು? ಅಲ್ಲಿನ ತಾಮ್ರದ ಜೊತೆ ಕೂಡಿ ಖರ್ಚಾಗಿದೆ. ಲೋಡ್ ದಾಖಲೆ ನೋಡಿದಾಗ ಸುಟ್ಟ ಘಟಕವೇ ಎಷ್ಟೋ ಹಂಗಾಮುಗಳಲ್ಲಿ ಜಾಸ್ತಿ ಲೋಡ್ ಹೊತ್ತಿತ್ತು, ಎಣ್ಣೆಯ ತಾಪವೂ ಜಾಸ್ತಿ ಇತ್ತು. ಹಳೆಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಡಿಬಿಡಿಎಸ್ ಕಡಿಮೆ ಕಂಡರೆ ಅದನ್ನು ಸಮಾಧಾನದ ಸುದ್ದಿ ಎಂದು ಓದಬಾರದು. ಮೊದಲ ಅಳತೆ ಏನಿತ್ತು ಎಂಬುದರ ಪಕ್ಕದಲ್ಲಿಟ್ಟೇ ಓದಬೇಕು.

ಇನ್ನೊಬ್ಬರು ಒಟ್ಟು ಗಂಧಕದ ಅಂಶ ಅಳೆಯೋಣ ಅಂದರು. ಅದರಿಂದ ಉಪಯೋಗವಿಲ್ಲ. ಮಿನರಲ್ ಎಣ್ಣೆಯಲ್ಲಿ ಗಂಧಕ ಇದ್ದೇ ಇರುತ್ತದೆ, ಅದರಲ್ಲಿ ಬಹುಪಾಲು ತಾಮ್ರದ ತಂಟೆಗೇ ಹೋಗುವುದಿಲ್ಲ.

ಹಂಗಾಮಿನ ನಡುವಿನ ತೀರ್ಮಾನ

ಎರಡನೇ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿ ಎಣ್ಣೆ ಬದಲಿಸುವುದು ತಕ್ಷಣ ಆಗುವಂತಿರಲಿಲ್ಲ. 14 ಟನ್ ಹೊಸ ಎಣ್ಣೆ, ವ್ಯಾಕ್ಯೂಮ್ ಯಂತ್ರ, ಹಂಗಾಮಿನ ನಡುವೆ ಅಷ್ಟು ದಿನದ ನಿಲುಗಡೆ. ಸುಮ್ನೆ ಓಡಿಸುವುದೂ ಸರಿಯಲ್ಲ. ಎರಡು ಹಂತದ ದಾರಿ ಹಿಡಿದೆವು. ಈಗ ಪ್ಯಾಸಿವೇಟರ್ ಬೆರೆಸುವುದು, ಲೋಡ್ ಸ್ವಲ್ಪ ಇಳಿಸುವುದು. ಹಂಗಾಮು ಮುಗಿದ ಮೇಲೆ ಎಣ್ಣೆ ಬದಲಿಸುವುದು.

ಪ್ಯಾಸಿವೇಟರ್ ಅಂದರೆ ಟ್ರೈಅಜೋಲ್ ಜಾತಿಯ ರಾಸಾಯನಿಕ. ಅದು ತಾಮ್ರದ ಮೈಮೇಲೆ ತೆಳುವಾದ ಪದರ ಕಟ್ಟಿ ಗಂಧಕ ತಾಗದಂತೆ ತಡೆಯುತ್ತದೆ. ವಾಡಿಕೆಯ ಪ್ರಮಾಣ ಕೆಜಿ ಎಣ್ಣೆಗೆ 100 ಮಿಲಿಗ್ರಾಂ. 14 ಟನ್‌ಗೆ ಲೆಕ್ಕ ಹಾಕಿದರೆ ಬರೀ 1.4 ಕೆಜಿ. ಅದನ್ನು ಎಣ್ಣೆಯಲ್ಲೇ ಕರಗಿಸಿಕೊಂಡು ಫಿಲ್ಟರ್ ಯಂತ್ರದ ಮೂಲಕ ನಿಧಾನವಾಗಿ ಸೇರಿಸಿ, ಎಣ್ಣೆಯೆಲ್ಲ ಒಂದಾಗುವವರೆಗೆ ಸುತ್ತಿಸಿದರು. ಆಗಲೇ ಕಾಗದದ ಮೇಲೆ ಕೂತಿರುವ ಸಲ್ಫೈಡ್ ಇದರಿಂದ ಹೋಗುವುದಿಲ್ಲ, ಮುಂದಿನ ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೇ ಎಂದು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು.

ಸ್ವಲ್ಪ ದಿನದಲ್ಲೇ ಹೊಸ ಆತಂಕ. ಡಿಜಿಎಯಲ್ಲಿ ಹೈಡ್ರೋಜನ್ ಮೊದಲಿದ್ದದ್ದರ ಕೆಲವು ಪಟ್ಟು ಆಯಿತು. ರಾತ್ರಿ ಪಾಳಿಯ ಎಂಜಿನಿಯರ್ ಟ್ರಿಪ್ ಮಾಡಲೇ ಅಂತ ಕೇಳಿದರು. ಒಳಗೆ ಕಿಡಿ ಹಾರಿದರೆ ಹುಟ್ಟುವ ಅಸಿಟಿಲೀನ್ ಇರಲಿಲ್ಲ. ಎಥಿಲೀನ್, ಮೀಥೇನ್ ಹೆಚ್ಚೇನೂ ಏರಿರಲಿಲ್ಲ. ಪ್ಯಾಸಿವೇಟರ್ ಬೆರೆಸಿದ ಮೇಲೆ ಕೆಲವು ಎಣ್ಣೆಗಳಲ್ಲಿ ಹೈಡ್ರೋಜನ್ ಹೀಗೆ ಏರುತ್ತದೆ, ಅದು ಗೊತ್ತಿರುವ ಸಂಗತಿ. ಆದರೂ ಬರೀ ಊಹೆಯ ಮೇಲೆ ಬಿಡಲಿಲ್ಲ. ವಾರಕ್ಕೊಂದು ಮಾದರಿ ಕೇಳಿದೆವು. ಅಸಿಟಿಲೀನ್ ಒಂದು ಪಿಪಿಎಂ ಕಂಡರೂ ನಿಲ್ಲಿಸಿ ಅಂತ ಬರೆದುಕೊಟ್ಟೆವು. ಹೈಡ್ರೋಜನ್ ಏರುವುದು ನಿಂತಿತು. ಪ್ಯಾಸಿವೇಟರ್ ಬೆರೆಸುವ ಮುಂಚೆ ಒಂದು ಡಿಜಿಎ ಮಾಡಿಸಿಟ್ಟಿದ್ದು ಇಲ್ಲಿ ಕೈಹಿಡಿಯಿತು. ಅದಿಲ್ಲದಿದ್ದರೆ ಯಾವುದಕ್ಕೆ ಹೋಲಿಸಬೇಕಿತ್ತು?

ಎರಡನೇ "ಪಾಸ್"

ಇಡೀ ಪ್ರಕರಣದಲ್ಲಿ ಅಪಾಯದ ಘಟ್ಟ ಇದು ಅಂತ ನನಗನ್ನಿಸುತ್ತದೆ. ಹಂಗಾಮು ಮುಗಿಯುವ ಹೊತ್ತಿಗೆ ಕಾರ್ಖಾನೆಯವರು ಬೇರೊಂದು ಕಡೆ ಎಣ್ಣೆ ಪರೀಕ್ಷೆ ಮಾಡಿಸಿದರು. ಈ ಸಲ 150 ಡಿಗ್ರಿಯ ವಿಧಾನವನ್ನೇ ಕೇಳಿದ್ದರು, ಅಷ್ಟರಮಟ್ಟಿಗೆ ಪಾಠ ಆಗಿತ್ತು. ವರದಿ ಬಂತು: ನಾನ್ ಕರೋಸಿವ್. ಹಣಕಾಸು ವಿಭಾಗದವರು ಎಣ್ಣೆ ಖರೀದಿಯ ಕಡತವನ್ನು ತಡೆಹಿಡಿದರು. ರೋಗ ವಾಸಿಯಾಗಿದೆ, ಮತ್ತ್ಯಾಕೆ ಖರ್ಚು ಎಂಬುದು ಅವರ ವಾದ.

ಆ ವರದಿಯೂ ಸುಳ್ಳಲ್ಲ. ಪರೀಕ್ಷೆಯ ಫ್ಲಾಸ್ಕ್‌ನಲ್ಲಿ ಎಣ್ಣೆಯ ಜೊತೆ ಪ್ಯಾಸಿವೇಟರ್ ಕೂಡ ಇತ್ತು. ಅದು ಹೊಳಪು ಕೊಟ್ಟ ಹೊಸ ಪಟ್ಟಿಯನ್ನು ಕಾಪಾಡಿತು. ಪಟ್ಟಿ ಹೇಳಿದ್ದು "ಪ್ಯಾಸಿವೇಟರ್ ಈಗ ಸಾಕಷ್ಟಿದೆ" ಅಂತ ಮಾತ್ರ. ಮಾದರಿ ಕಳಿಸುವ ಚೀಟಿಯಲ್ಲಿ ಪ್ಯಾಸಿವೇಟರ್ ಬೆರೆಸಿದ ವಿಷಯ ಬರೆದಿರಲಿಲ್ಲ. ಆ ಪ್ರಯೋಗಾಲಯದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನಾವು ಅದೇ ಎಣ್ಣೆಯಲ್ಲಿ ಎರಡು ಸಂಖ್ಯೆ ಅಳೆದು ಕೊಟ್ಟೆವು. ಡಿಬಿಡಿಎಸ್ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇತ್ತು. ಪ್ಯಾಸಿವೇಟರ್ ಮಾತ್ರ 100ರಿಂದ 62ಕ್ಕೆ ಇಳಿದಿತ್ತು. ಬಳಕೆಯಲ್ಲಿರುವ ಎಣ್ಣೆಯ ಮಾನಕ ಐಇಸಿ 60422ರ ಪ್ರಕಾರ 70ಕ್ಕಿಂತ ಜಾಸ್ತಿ ಇದ್ದು ಸ್ಥಿರವಾಗಿದ್ದರೆ ಒಳ್ಳೆಯದು, 50ಕ್ಕಿಂತ ಕೆಳಗೆ ಹೋದರೆ ಕೆಟ್ಟದ್ದು. ಒಂದೇ ಹಂಗಾಮಿನ ಭಾಗದಲ್ಲಿ ಇಷ್ಟು ಇಳಿದರೆ ಮುಂದಿನ ಹಂಗಾಮಿನಲ್ಲಿ ಏನಾಗಬಹುದು ಎಂದು ಗ್ರಾಫ್ ಎಳೆದು ತೋರಿಸಿದೆವು. ಕಾವಲುಗಾರ ದಿನೇ ದಿನೇ ಸುಸ್ತಾಗುತ್ತಿದ್ದಾನೆ, ಕಳ್ಳ ಮನೆಯೊಳಗೇ ಇದ್ದಾನೆ ಎಂದು ಮ್ಯಾನೇಜರ್ ಅದನ್ನು ಆಡಳಿತಕ್ಕೆ ವಿವರಿಸಿದರು. ಕಡತ ಮುಂದೆ ಹೋಯಿತು.

ನಡುವೆ ಒಬ್ಬ ಗುತ್ತಿಗೆದಾರರು ಫುಲ್ಲರ್ಸ್ ಅರ್ಥ್ ಮಣ್ಣಿನಲ್ಲಿ ಎಣ್ಣೆ ಶುದ್ಧಿ ಮಾಡಿಕೊಡುತ್ತೇವೆ, ಹೊಸ ಎಣ್ಣೆಗಿಂತ ಅಗ್ಗ ಅಂದರು. ನಾವು ಒಪ್ಪಲಿಲ್ಲ. ಆಮ್ಲೀಯತೆ, ಬಣ್ಣಕ್ಕೆ ಅದು ಒಳ್ಳೆಯ ದಾರಿಯೇ. ಡಿಬಿಡಿಎಸ್ ಪೂರ್ತಿ ಹೋಗುತ್ತದೆ ಎಂಬ ಭರವಸೆ ಆ ಮಣ್ಣಿನಿಂದ ಸಿಗುವುದಿಲ್ಲ. ಮಣ್ಣನ್ನು ಸುಟ್ಟು ಮತ್ತೆ ಮತ್ತೆ ಬಳಸುವಾಗ ನಿಗಾ ತಪ್ಪಿದರೆ, ವೋಲ್ಟೇಜ್ ಹೊಂದಿಸುವ ಟ್ಯಾಪ್ ಸೆಲೆಕ್ಟರ್‌ನ ಬೆಳ್ಳಿ ಲೇಪದ ಕಾಂಟಾಕ್ಟ್‌ಗಳನ್ನು ಕಪ್ಪಾಗಿಸುವ ಗಂಧಕ ಎಣ್ಣೆಗೆ ಸೇರಿದ ಉದಾಹರಣೆಗಳೂ ಇವೆ. ತಾಮ್ರದ ಪಟ್ಟಿ ಅದನ್ನು ಹಿಡಿಯದೇ ಹೋಗಬಹುದು. ಅದಕ್ಕೆ ಬೆಳ್ಳಿ ಪಟ್ಟಿಯ, ಜರ್ಮನ್ ಮಾನಕ ಡಿಐಎನ್ 51353ರ ಪರೀಕ್ಷೆ ಬೇರೆಯೇ ಇದೆ, 100 ಡಿಗ್ರಿ, 18 ಗಂಟೆ.

ಎಣ್ಣೆ ಬದಲಿಸಿದ ಮೇಲೆ

ಬಿಡುವಿನಲ್ಲಿ ಹಳೆಯ ಎಣ್ಣೆ ಪೂರ್ತಿ ಇಳಿಸಿ, ಸ್ವಲ್ಪ ಹೊಸ ಬಿಸಿ ಎಣ್ಣೆಯಲ್ಲಿ ಒಳಭಾಗ ತೊಳೆದು, ಅದನ್ನೂ ಚೆಲ್ಲಿ, ವ್ಯಾಕ್ಯೂಮ್‌ನಲ್ಲಿ ಹೊಸ ಎಣ್ಣೆ ತುಂಬಿದರು. ತುಂಬಿದ ಕೂಡಲೇ ಅಳೆದಾಗ ಡಿಬಿಡಿಎಸ್ 5ಕ್ಕಿಂತ ಕೆಳಗಿತ್ತು, ಅಂದರೆ ಪತ್ತೆಯ ಮಿತಿಗಿಂತ ಕಡಿಮೆ. ಆದರೆ ಕಾಗದ, ಪ್ರೆಸ್‌ಬೋರ್ಡ್ ಹೀರಿಕೊಂಡಿದ್ದ ಹಳೆಯ ಎಣ್ಣೆ ಡ್ರೈನ್ ಮಾಡಿದರೆ ಬರುವುದಿಲ್ಲ. ಅದು ಲೋಡ್ ಬಂದ ಮೇಲೆ ನಿಧಾನಕ್ಕೆ ಹೊರಬರುತ್ತದೆ. ಮುಂದಿನ ಹಂಗಾಮಿನ ನಡುವೆ ಅಳೆದಾಗ 9 ಮಿಲಿಗ್ರಾಂ ಇತ್ತು. ಇದನ್ನು ಮೊದಲೇ ಲೆಕ್ಕ ಹಾಕಿ ಹೊಸ ಎಣ್ಣೆಗೂ ಪ್ಯಾಸಿವೇಟರ್ ಹಾಕಿಸಿದ್ದೆವು. ಆ ಟ್ರಾನ್ಸ್‌ಫಾರ್ಮರ್ ಈಗಲೂ ಓಡುತ್ತಿದೆ. ಒಳಗಿನ ಕಾಗದದಲ್ಲಿ ಮೊದಲೇ ಕೂತ ಸಲ್ಫೈಡ್ ಎಷ್ಟಿದೆ ಎಂದು ವೈಂಡಿಂಗ್ ಬಿಚ್ಚದೆ ನೋಡುವಂತಿಲ್ಲ. ಆದ್ದರಿಂದ ಅದರ ಲೋಡ್ ಮಿತಿಯನ್ನು ಮತ್ತೆ ಏರಿಸಲಿಲ್ಲ, ಸಿಡಿಲು, ಸರ್ಜ್ ಬಂದಾಗ ಯಂತ್ರವನ್ನು ಕಾಪಾಡುವ ಸರ್ಜ್ ಅರೆಸ್ಟರ್‌ಗಳನ್ನು ಪರೀಕ್ಷೆ ಮಾಡಿಸಿ ಇಟ್ಟುಕೊಂಡಿದ್ದಾರೆ.

ಇಳಿಸಿದ ಹಳೆಯ ಎಣ್ಣೆಯ ಬಗ್ಗೆ ನಾವು ಹಟ ಹಿಡಿದೆವು. ಅದರ ಬಿಡಿವಿ ಚೆನ್ನಾಗಿತ್ತು, ಬಣ್ಣ ತಿಳಿಯಾಗಿತ್ತು. ಯಾರಾದರೂ ಕೊಂಡು ಫಿಲ್ಟರ್ ಮಾಡಿ ಇನ್ನೊಂದು ಟ್ರಾನ್ಸ್‌ಫಾರ್ಮರ್‌ಗೆ ತುಂಬಬಹುದಿತ್ತು, ಮಾಮೂಲಿ ಪರೀಕ್ಷೆಯಲ್ಲಿ ಅದು ಪಾಸೂ ಆಗುತ್ತಿತ್ತು. ಡ್ರಮ್‌ಗಳ ಮೇಲೆ "ಟ್ರಾನ್ಸ್‌ಫಾರ್ಮರ್‌ಗೆ ಮರುಬಳಕೆ ಬೇಡ" ಎಂದು ಬರೆಸಿ, ಪರವಾನಗಿ ಇರುವ ಬಳಸಿದ ಎಣ್ಣೆ ಸಂಸ್ಕರಣೆಯವರಿಗೆ ಮಾತ್ರ ಕೊಡಿಸಿದೆವು. ಫಿಲ್ಟರ್ ಯಂತ್ರದ ಟ್ಯಾಂಕ್, ಹೋಸ್‌ಗಳಲ್ಲಿ ಉಳಿದಿದ್ದ ಎಣ್ಣೆಯನ್ನೂ ಖಾಲಿ ಮಾಡಿಸಿದೆವು. ಆ ಯಂತ್ರ ಮಾರನೇ ವಾರ ಬೇರೆ ಊರಿನ ಸಬ್‌ಸ್ಟೇಷನ್‌ಗೆ ಹೋಗುವುದಿತ್ತು.

ಈಗ ಆ ಕಾರ್ಖಾನೆಯ ಮಾದರಿ ಚೀಟಿಯಲ್ಲಿ ಹೊಸ ಕಾಲಂಗಳು ಸೇರಿವೆ: ಮಾದರಿ ತೆಗೆದ ಕೊಳವೆ ಯಾವುದು, ಪ್ಯಾಸಿವೇಟರ್ ಇದೆಯೇ, ಯಾವಾಗ ಹಾಕಿದ್ದು, ಯಾವ ವಿಧಾನದ ಪರೀಕ್ಷೆ ಬೇಕು. ವರದಿಯಲ್ಲಿ ಪಾಸ್ ಅಥವಾ ಫೇಲ್ ಎಂಬ ಪದದ ಜೊತೆ ಪಟ್ಟಿಯ ವರ್ಗ, ಕಾಗದದ ಸ್ಥಿತಿ, ಫೋಟೋ ಇರಲೇಬೇಕೆಂದು ಕೇಳುತ್ತಾರೆ. ಸುಟ್ಟದ್ದರ ಬದಲು ಕೊಂಡ ಟ್ರಾನ್ಸ್‌ಫಾರ್ಮರ್‌ನ ಆರ್ಡರ್‌ನಲ್ಲಿ ಐಎಸ್ 335ರ 2018ರ ಆವೃತ್ತಿಯನ್ನು ಹೆಸರಿಸಿ, ಡಿಬಿಡಿಎಸ್ ಪತ್ತೆಯಾಗಬಾರದು ಎಂಬ ಷರತ್ತು ಹಾಕಿದರು. ಎಣ್ಣೆ ಬಂದಾಗ ತಯಾರಕರ ಪ್ರಮಾಣಪತ್ರವನ್ನಷ್ಟೇ ನೋಡದೆ, ಟ್ಯಾಂಕರ್‌ನಿಂದ ಮಾದರಿ ತೆಗೆದು ಸೀಲ್ ಮಾಡಿ ಒಂದು ಬಾಟಲಿ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಹತ್ತು ವರ್ಷದ ನಂತರ ಯಾರಾದರೂ ಮೊದಲ ಅಳತೆ ಏನಿತ್ತು ಎಂದು ಕೇಳಿದರೆ ಅದನ್ನು ಅಳೆದು ಹೇಳಬಹುದು.